ಚಾರ್ಜರಿಗೆ ಆಕ್ಷೇಪಣೆ

ಬೈಲಹೊಂಗಲದ ನಮ್ಮ ಅಪಾರ್ಟ್‌ಮೆಂಟಿನ ಕಾರ್ಯದರ್ಶಿ ದುಂಡಪ್ಪನವರು ಯಾವುದಕ್ಕೂ ಇಲ್ಲ ಎನ್ನುವುದಿಲ್ಲ. "ಮೀಟಿಂಗ್‌ನ್ಯಾಗ ಇಡೂಣು ತಗೋರಿ" ಎನ್ನುತ್ತಾರೆ. ಲಿಫ್ಟಿಗೆ ಕನ್ನಡಿ ಹಾಕಿಸುವ ಮಾತು ಇನ್ನೂ ಮೀಟಿಂಗಿನಲ್ಲೇ ಇದೆ. ಟೆರೇಸಿನಲ್ಲಿ ಶಾವಿಗೆ ಒಣಗಿಸಿದರೂ ಅವರು ಕೇಳುವುದು, "ನಾಳಿ ಏನರ ಆದ್ರ ಯಾರು ಹೊಣಿ?" ಎಂದೇ. ಈ ವರ್ಷ ಎಲೆಕ್ಟ್ರಿಕ್ ಕಾರು ಕೊಳ್ಳಲು ಹೊರಟು, ಪಾರ್ಕಿಂಗ್‌ನಲ್ಲಿ ಚಾರ್ಜರ್ ಕೂಡಿಸಬೇಕೆಂದು ಕೇಳಿದವರು ಸ್ವತಃ ಅವರ ಹೆಂಡತಿ ಗಂಗಾ. ಮನೆಯಲ್ಲಿ ರೊಟ್ಟಿ ನೀಡುತ್ತ ಕೇಳಿದಾಗಲೂ ದುಂಡಪ್ಪನವರು, "ಮೀಟಿಂಗ್‌ನ್ಯಾಗ ಕೇಳ್ರಿ" ಎಂದರಂತೆ, ಹೆಂಡತಿಗೇ ಬಹುವಚನ ಹಚ್ಚಿ. ಗಂಗಾ ಮೀಟಿಂಗಿಗೆ ಬಂದು ನಮ್ಮ ಸಾಲಿನಲ್ಲಿ ಕೂತು ಕೇಳಿದರು. ಬೆಂಕಿ, ಮಳೆ, ವೈರು ಕಡಿಯುವ ಇಲಿ, ಹೀಗೆ ಕಾರ್ಯದರ್ಶಿಗಳು ಎತ್ತಿದ ಒಂದೊಂದು ಆಕ್ಷೇಪಣೆಗೂ ಆಕೆ ತಣ್ಣಗೆ ಉತ್ತರ ಕೊಟ್ಟರು. ಕೊನೆಗೆ ದುಂಡಪ್ಪನವರು, "ಇದ್ದ ಪೆಟ್ರೋಲ್ ಗಾಡಿಗೆ ಏನ್ ಧಾಡಿ ಆಗೇತಿ?" ಎಂದರು. "ಗಾಡಿಗೆ ಏನೂ ಆಗಿಲ್ಲರಿ," ಎಂದರು ಗಂಗಾ. "ನಿಮ್ಮ ಕಣ್ಣಿನ ಡಾಕ್ಟರು ಇನ್ನ ಗಾಡಿ ಹೊಡೀಬ್ಯಾಡ್ರಿ ಅಂದಾರ. ಗೇರಿಂದು ನನಗ ಬರಂಗಿಲ್ಲ, ಇದಕ್ಕ ಗೇರ ಇಲ್ಲ." ನಮಗಾರಿಗೂ ಅದು ಗೊತ್ತಿರಲಿಲ್ಲ. ದುಂಡಪ್ಪನವರು ಕನ್ನಡಕ ತೆಗೆದು ಒರೆಸಿ, "ಆಕ್ಷೇಪಣೆ ಇಲ್ಲ" ಎಂದರು. ಚಾರ್ಜರೂ ಬಂತು, ಕಾರೂ ಬಂತು. ಮೊದಲ ಸಲ ಇಬ್ಬರೂ ಸವದತ್ತಿಗೆ ಹೊರಟ ದಿನ ದುಂಡಪ್ಪನವರು ರೂಢಿಯಂತೆ ಸ್ಟೀರಿಂಗ್ ಕಡೆಯ ಬಾಗಿಲನ್ನೇ ತೆರೆದರು. ಸ್ವಲ್ಪ ಹೊತ್ತು ಅದನ್ನು ಹಾಗೆಯೇ ಹಿಡಿದು ನಿಂತರು. ಆಮೇಲೆ ಪಕ್ಕಕ್ಕೆ ಸರಿದು, ಗಂಗಾ ಹತ್ತಿ ಕೂತ ಮೇಲೆ ಬಾಗಿಲನ್ನು ಮೆಲ್ಲಗೆ ಹಾಕಿ, ಕಾರನ್ನು ಸುತ್ತಿಕೊಂಡು ಎಡಗಡೆಗೆ ಹೋದರು.