ಶರಣಮ್ಮನ ಬರಿಗೈ

ಕಲಬುರಗಿಯಿಂದ ಬೆಳಗಿನ ರೈಲು ಹಿಡಿದು ಮಧ್ಯಾಹ್ನ ನಾಂಪಲ್ಲಿಯಲ್ಲಿ ಇಳಿದೆ. ತಾಂಡೂರಿನ ತನಕ ತಣ್ಣನೆಯ ಗಾಳಿ. ಪ್ಲಾಟ್‌ಫಾರ್ಮಿನಲ್ಲಿ ಮುಖಕ್ಕೆ ಬಡಿಯುವ ಬಿಸಿಲು. ಈ ವಯಸ್ಸಿನಲ್ಲಿ ನನ್ನನ್ನು ಒಬ್ಬಳನ್ನೇ ಹೊರಡಿಸಿದ್ದು ಶರಣಮ್ಮನ ಒಂದು ಫೋನ್ ಕಾಲ್: “ಅಮ್ಮಾರ, ಕಿರುಬೆರಳು ನೆಟ್ಟಗ ಆಗವಲ್ದರಿ.”

ಆಣೆಕಟ್ಟಿನ ಹಿನ್ನೀರಿಗೆ ತನ್ನ ಊರು ಮುಳುಗಿದಾಗ ಅವಳು ನಮ್ಮಲ್ಲಿಗೆ ಅಡುಗೆಗೆ ಬಂದಿದ್ದಳು. ಸುಡುವ ಹಂಚಿನ ಮೇಲಿನ ಜೋಳದ ರೊಟ್ಟಿಯನ್ನು ಬರಿಗೈಯಲ್ಲೇ ತಿರುವುತ್ತಿದ್ದಳು. “ವಾಟ್ ಎ ಹ್ಯಾಂಡ್!” ಎಂದು ಬಂದವರಿಗೆಲ್ಲ ತೋರಿಸುತ್ತಿದ್ದೆ. ಆ ಕೈಗೆ ಬಿಸಿಯೇ ತಿಳಿಯುತ್ತಿಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ.

ಆಮೇಲೆ ಅವಳು ಕೂಲಿಗೆಂದು ಹೈದರಾಬಾದಿಗೆ ಬಂದಳು. ಸನತ್‌ನಗರದಲ್ಲಿ ಒಬ್ಬ ಡಾಕ್ಟರು ಮೊಣಕೈ ಮೇಲಿನ ಮಚ್ಚೆ ನೋಡಿ ಕುಷ್ಠ ಎಂದರು. ವರ್ಷದ ಕೋರ್ಸು, ತಿಂಗಳಿಗೊಂದು ಮಾತ್ರೆ ಪಟ್ಟಿ. ಆರನೇ ತಿಂಗಳಿಗೆ ಅವಳಿದ್ದ ಕೂಲಿಯವರ ಶೆಡ್ಡುಗಳನ್ನು ಕೆಡವಿದರು. ಮಾತ್ರೆ, ಆಸ್ಪತ್ರೆಯ ಕಾರ್ಡು ಎಲ್ಲ ಮಣ್ಣುಪಾಲು.

ಆಟೋದಲ್ಲಿ ಒಂದೂವರೆ ತಾಸು ಹೋದರೆ ಅವಳ ಹೊಸ ಶೆಡ್ಡು. ಅಲ್ಲಿ ಕೂಲಿಯವರಿಗೆ ರೊಟ್ಟಿ ಬಡಿಯುತ್ತಾಳೆ.

“ಮತ್ತ ದವಾಖಾನಿಗೆ ಯಾಕ ಹೋಗಲಿಲ್ಲ?”

“ಕಾರ್ಡ್ ಇಲ್ಲದ ಕೊಡ್ತಾರೇನ್ರಿ? ಇಲ್ಲಿ ಗೊತ್ತಾದ್ರ ನನ್ನ ರೊಟ್ಟಿ ಯಾರು ತಿಂತಾರ? ಇಲ್ಲಿಂದ್ಲೂ ಎಬ್ಬಸ್ತಾರ. ಎರಡು ಸಲ ಎದ್ದೀನಿ, ಸಾಕಾಗೇತ್ರಿ.”

ಕಾನ್ವೆಂಟಿನ ದಿನಗಳಲ್ಲಿ ಸಿಸ್ಟರ್ಸ್ ನಮ್ಮನ್ನು ಕುಷ್ಠಾಶ್ರಮದ ಗೇಟಿನ ಹೊರಗೆ ನಿಲ್ಲಿಸಿ ಹಾಡಿಸುತ್ತಿದ್ದರು. ಗೇಟು ದಾಟಿದ ನೆನಪಿಲ್ಲ. ಮರುದಿನ ಅವಳ ಜೊತೆ ಸರ್ಕಾರಿ ಆಸ್ಪತ್ರೆಯ ಕ್ಯೂನಲ್ಲಿ ನಿಂತೆ.

“ಕಾರ್ಡು ಪೋಯಿಂದಾ? ಪರ್ವಾಲೇದು, ಪೇರು ಚೆಪ್ಪಮ್ಮಾ,” ಎಂದಳು ನರ್ಸು. ಅಷ್ಟೇ! ಕಾರ್ಡು ಕಳೆದಿದ್ದರೂ ಹೆಸರು ಹೇಳಿದರೆ ಸಾಕಿತ್ತು. ಮಾತ್ರೆ ತಪ್ಪಿಸದಿದ್ದರೆ ಯಾರಿಗೂ ಹರಡುವುದಿಲ್ಲ. ಬೆರಳು ನೆಟ್ಟಗಾಗುವುದು ಮಾತ್ರ ಗ್ಯಾರಂಟಿ ಇಲ್ಲ. ಇನ್ನು ಆ ಕೈ ಬಿಸಿ ಮುಟ್ಟಲೇಬಾರದು ಎಂದಳು.

ಸಂಜೆ ಬೇಗಂ ಬಜಾರಿನಲ್ಲಿ ರೊಟ್ಟಿ ತಿರುವಲು ಉದ್ದನೆಯ ಚಿಮಟ ಕೊಂಡೆ. ಮೂರನೆಯ ದಿನ ಬೆಳಿಗ್ಗೆ ಕೊಟ್ಟರೆ ಅವಳಿಗೆ ನಾಚಿಕೆ.

“ಬರಿಗೈಲೆ ತಿರುವಾಕಿ ಅಂತ ಹೆಸರೈತ್ರಿ ನನಗ.”

“ಆ ಹೆಸರು ಇಟ್ಟಾಕಿ ನಾನ. ನಾನ ತೆಗೀತೀನಿ, ಹಿಡಿ.”

ತಟ್ಟೆ ಹಿಡಿದು ಮುಂದೆ ನಿಂತಿದ್ದ ನಮ್ಮ ಕಡೆಯ ಗಾರೆ ಕೆಲಸದವನು ನಕ್ಕ. “ಏನಬೇ ಶರಣಕ್ಕ, ಕೈ ಮೆತ್ತಗಾತೇನು?”

ಅವಳು ನನ್ನತ್ತ ಒಮ್ಮೆ ನೋಡಿದಳು. “ಹೌದಪಾ. ಕುಷ್ಠ ಐತಿ, ಗುಳಿಗಿ ನಡದಾವ. ನಿನಗ ಹತ್ತೂದಿಲ್ಲ. ಉಣ್ಣೂದಾದ್ರ ಉಣ್ಣು, ಇಲ್ಲಂದ್ರ ಹಿಂದಿನವಗ ಜಾಗಾ ಬಿಡು.”

ನನ್ನ ರೈಲಿಗೆ ಹೊತ್ತಾಗಿತ್ತು. ಆಟೋ ತಿರುಗುವಾಗ ಹಿಂದೆ ನೋಡಿದೆ. ಮೊದಲ ರೊಟ್ಟಿ ಚಿಮಟಕ್ಕೆ ಸಿಕ್ಕಿ ಹರಿದಿತ್ತು. ಗಾರೆಯವನ ತಟ್ಟೆ ಇನ್ನೂ ಚಾಚಿಕೊಂಡೇ ಇತ್ತು.