ಇಳಿಜಾರಿನಲ್ಲಿ ಎಣ್ಣೆ ಕುಡಿದ ಲಾರಿ

ಆ ವರ್ಷ ಮುಂಬೈಯಲ್ಲಿ ಚಳಿ ಬಿದ್ದಿತ್ತು ಎಂದು ಬರೆದರೆ ಓದಿದವರು ನಗುತ್ತಾರೆ. ನಗಲಿ. ಮುಲುಂಡಿನಲ್ಲಿ ಬೆಟ್ಟದ ಬುಡಕ್ಕಿರುವ ನಮ್ಮ ಗಲ್ಲಿಯಲ್ಲಿ ಡಿಸೆಂಬರಿನ ಬೆಳಿಗ್ಗೆ ಜನ ಮಂಕಿ ಟೋಪಿ ಹಾಕಿಕೊಂಡು ಹಾಲು ತರಲು ಹೋಗುತ್ತಿದ್ದರು, ಮತ್ತು ನನ್ನ ಸೋದರಮಾವನ ಲಾರಿ ಸ್ಟಾರ್ಟ್ ಆಗುತ್ತಿರಲಿಲ್ಲ. ಇವೆರಡನ್ನೂ ಕಣ್ಣಾರೆ ಕಂಡಿದ್ದೇನೆ. ಉಳಿದ ವಿವರಗಳ ಬಗ್ಗೆ ಅಷ್ಟು ಧೈರ್ಯವಿಲ್ಲ. ಈ ಕತೆಯನ್ನು ಹಲವು ಮನೆಗಳಲ್ಲಿ ಹೇಳಿದ್ದೇನೆ. ಹೇಳಿದಂತೆಲ್ಲ ಅದು ಸ್ವಲ್ಪ ನುಣುಪಾಗಿದೆ, ನಾನು ಸ್ವಲ್ಪ ಜಾಣನಾಗಿದ್ದೇನೆ. ಈಗ ಉಲ್ಟಾ ಉಜ್ಜಿ ಒರಟು ಮಾಡಬೇಕಾಗಿದೆ.

ಮಾವ ವಿಜಯಪುರದ ಕಡೆಯಿಂದ ಬಂದು, ಮುಂಬೈಯಲ್ಲಿ ಲಾರಿ ಓಡಿಸುತ್ತಲೇ ಮುದುಕನಾದವನು. ಲಾರಿಯೂ ಅವನ ಜೊತೆಗೇ ಹಳತಾಗಿತ್ತು: ಮೂತಿ ಮುಂದಕ್ಕೆ ಚಾಚಿದ ಡೀಸೆಲ್ ಗಾಡಿ. ಮಾಟುಂಗದಲ್ಲಿ ಮದುವೆ, ಮುಂಜಿಗಳ ಅಡುಗೆ ವಹಿಸಿಕೊಳ್ಳುವ ಕರಾವಳಿಯವರೊಬ್ಬರಿಗೆ ದಿನಾ ಬಾಳೆಎಲೆ, ತೆಂಗಿನಕಾಯಿ ಮುಟ್ಟಿಸುವುದೊಂದೇ ಅವರಿಬ್ಬರಿಗೂ ಉಳಿದಿದ್ದ ಕೆಲಸ. ನಾನು ಅವನ ಪಕ್ಕ ಕೂತು ಮಾಟುಂಗದವರೆಗೆ ಹೋಗಿ, ಅಲ್ಲಿ ಇಳಿದು, ಪಶ್ಚಿಮದ ಲೋಕಲ್ ಹಿಡಿದು ಅಂಧೇರಿಯ ಕಚೇರಿಗೆ ಹೋಗುತ್ತಿದ್ದೆ. ಹೊರಡುವ ಮುಂಚೆ ಮಾವ ಇಂಜಿನ್ನಿನ ಎಣ್ಣೆ ನೋಡುತ್ತಿದ್ದ. ಈ ಕೊನೆಯ ವಾಕ್ಯ ನನ್ನ ಹಳೆಯ ಆವೃತ್ತಿಯದು. ಸದ್ಯಕ್ಕೆ ಹಾಗೇ ಬಿಟ್ಟಿರುತ್ತೇನೆ, ಅದರ ಬಳಿಗೆ ಮರಳಬೇಕಾಗುತ್ತದೆ.

ಚಳಿಗೆ ಮೊದಲು ಮಾಡಿದ ಉಪಾಯ ಕೌದಿ. ಮಾವ ಸಂಜೆ ಲಾರಿಯ ಮೂತಿಗೆ ಅತ್ತೆಯ ಕೌದಿಯೊಂದನ್ನು ಹೊಚ್ಚಿ ಹಗ್ಗ ಬಿಗಿದ. ಬೆಳಿಗ್ಗೆ ಹಾಲು ತರಲು ಹೋದ ಅತ್ತೆ ಅದನ್ನು ಗುರುತಿಸಿದಳು.

"ನಮ್ಮವ್ವ ಕೈಲೆ ಹೊಲ್ದ ಕೌದಿ ಅದು. ಇಷ್ಟು ವರ್ಷ ಆತು, ನನಗ ಚಳಿ ಆದ್ರ ಒಮ್ಮಿನೂ ಹೊಚ್ಚಿಲ್ಲ ನೀವು."

"ನೀ ಎದ್ದ ಕೂಡ್ಲೆ ಸ್ಟಾರ್ಟ್ ಆಗ್ತಿ," ಎಂದ ಮಾವ. "ಅದಕ್ಕ ಹಂಗಿಲ್ಲ."

ಕೌದಿಯಿಂದ ಏನೂ ಆಗಲಿಲ್ಲ. ಆಮೇಲೆ ಹುಡುಕಿದ್ದು ಇಳಿಜಾರು. ನಮ್ಮ ಗಲ್ಲಿಯ ಮೇಲಿನ ತುದಿ ಬೆಟ್ಟ ಹತ್ತುತ್ತದೆ. ಅಲ್ಲಿ ಮೂತಿ ಕೆಳಗೆ ಮಾಡಿ ಲಾರಿ ನಿಲ್ಲಿಸಿ, ಚಕ್ರಕ್ಕೆ ಅತ್ತೆಯ ಹಳೆಯ ರುಬ್ಬುಗುಂಡು ಅಡ್ಡ ಇಡುವುದು. ಬೆಳಿಗ್ಗೆ ಗುಂಡು ತೆಗೆದು, ಎರಡನೆಯ ಗೇರಿಗೆ ಹಾಕಿ, ಉರುಳಲು ಬಿಟ್ಟು, ಟೇಲರ್ ಅಂಗಡಿಯ ಹತ್ತಿರ ಕ್ಲಚ್ ಬಿಡುವುದು. ಲಾರಿ ಒಮ್ಮೆ ಬಿಕ್ಕಳಿಸಿ, ಬಿಳಿ ಹೊಗೆಯಲ್ಲಿ ವಾಕಿಂಗಿನವರನ್ನೆಲ್ಲ ಮುಳುಗಿಸಿ, ಎದ್ದು ಹೊರಡುತ್ತಿತ್ತು. ಹೊಗೆಯೊಳಗಿಂದ ಮರಾಠಿಯಲ್ಲಿ ಬರುತ್ತಿದ್ದ ಮಾತುಗಳನ್ನು ಮಾವ ಅರ್ಥವಾಗದವನಂತೆ ಕೇಳಿಸಿಕೊಳ್ಳುತ್ತಿದ್ದ. ಅವನಿಗೆ ಮರಾಠಿ ನನಗಿಂತ ಚೆನ್ನಾಗಿ ಬರುತ್ತದೆ.

ಅದೇ ವಾರ ಲಾರಿ ಎಣ್ಣೆ ಕುಡಿಯತೊಡಗಿತು.

ಇಂಜಿನ್ನಿನ ಎಣ್ಣೆ ಅಳೆಯಲು ಉದ್ದನೆಯ ಒಂದು ಉಕ್ಕಿನ ಕಡ್ಡಿ ಇರುತ್ತದೆ. ಅದರ ತುದಿಯಲ್ಲಿ ಎರಡು ಗೀಟು. ಎಣ್ಣೆಯ ಗುರುತು ಆ ಎರಡರ ನಡುವೆ ಇರಬೇಕು. ನಮ್ಮದು ಪ್ರತಿ ಬೆಳಿಗ್ಗೆ ಕೆಳಗಿನ ಗೀಟಿಗಿಂತ ಕೆಳಗೆ. ಹಾಕಿದರೆ, ರಸ್ತೆಯಲ್ಲಿ ಇಡೀ ದಾರಿ ನೀಲಿ ಹೊಗೆ. ಮರುದಿನ ಬೆಳಿಗ್ಗೆ ಮತ್ತೆ ಕೆಳಗೆ. ಮತ್ತೆ ಹಾಕು. ಕೆಳಗೆ ರಟ್ಟು ಹಾಸಿ ನೋಡಿದೆವು, ಒಂದು ಹನಿಯೂ ಸೋರಿರಲಿಲ್ಲ.

"ಇದು ಕುಡಿಯೂ ಎಣ್ಣ್ಯಾಗ ನಾ ಇಡೀ ಬಿಲ್ಡಿಂಗಿಗೆ ಬಜಿ ಕರೀತಿದ್ದೆ," ಎಂದಳು ಅತ್ತೆ.

ಚೆಕ್‌ನಾಕಾ ಹತ್ತಿರದ ಮೆಕ್ಯಾನಿಕ್ ಲಾರಿಯನ್ನು ನೋಡುವ ಮೊದಲೇ ತೀರ್ಪು ಕೊಟ್ಟ. "ಸುಬಹ್ ಸ್ಟಾರ್ಟ್ ನಹೀ, ತೇಲ್ ಭೀ ಪೀತೀ ಹೈ. ರಿಂಗ್ ಗಯಾ, ಮಾಮಾ." ಪಿಸ್ಟನ್ನಿನ ಉಂಗುರಗಳು ಸವೆದಿವೆ, ಇಡೀ ಇಂಜಿನ್ ಬಿಚ್ಚಬೇಕು. ನಾನೂ ತಲೆಯಾಡಿಸಿದೆ. ಎರಡು ರೋಗ ಒಂದೇ ವಾರ ಶುರುವಾಗಿವೆ ಎಂದರೆ ಮೂಲ ಒಂದೇ ಇರಬೇಕು ಎಂದು ಮಾವನಿಗೆ ವಿವರಿಸಿದೆ. ತರ್ಕ ಸರಿಯಾಗಿಯೇ ಇತ್ತು.

ಮಾವ ಲಾರಿಯ ಮೂತಿಯ ಮೇಲೆ ಕೈಯಿಟ್ಟು, "ಬಿಚ್ಚಿದ್ದನ್ನ ಮತ್ತ ಕೂಡಸೂದು ನನ್ನ ಕಾಲದಾಗ ಆಗೂದಿಲ್ಲ," ಎಂದ. "ಬಿಚ್ಚಲೇ ಬೇಕಂದ್ರ ಗುಜರಿಗೆ ಹಾಕ್ತೀನಿ. ಆಮ್ಯಾಲೆ ನಾನೂ ಸ್ಟೇರಿಂಗ್ ಮುಟ್ಟೂದಿಲ್ಲ."

ಆ ಗುರುವಾರ ಮಾಟುಂಗದವರೂ ಕೈಚೆಲ್ಲಿದರು. ಅಡುಗೆಮನೆಯ ಹಿಂದಿನ ಓಣಿಗೆ ಮಾವ ಲಾರಿಯನ್ನು ಹಿಮ್ಮುಖವಾಗಿ ತಂದಾಗ ನೀಲಿ ಹೊಗೆ ನೇರ ಸಾರಿನ ಹಂಡೆಯತ್ತ ಹೋಯಿತು. ಅವರು ಪಂಚೆಯ ತುದಿಯಿಂದ ಮೂಗು ಮುಚ್ಚಿಕೊಂಡು ಹೊರಗೆ ಬಂದರು.

"ಮಾರಾಯ್ರೆ, ನಿಮ್ಮ ಹೊಗೆ ನನ್ನ ಎಲೆಗೆ ಹಿಡೀತದೆ. ಮೊನ್ನೆ ಪಂಕ್ತಿಯಲ್ಲಿ ಒಬ್ರು ಎಲೆ ಮೂಸಿ ನೋಡಿ, ಇದರಲ್ಲಿ ಮುಂಚೆ ಏನು ಬಡಿಸಿದ್ರಿ ಅಂತ ಕೇಳಿದ್ರು. ಸೋಮವಾರದವರೆಗೆ ನೋಡ್ತೇನೆ. ಆಮೇಲೆ ಬೇರೆ ಗಾಡಿ ಹೇಳ್ತೇನೆ. ಬೇಜಾರು ಮಾಡ್ಬೇಡಿ."

ಮಾವ ಬೇಜಾರು ಮಾಡಿಕೊಳ್ಳಲಿಲ್ಲ, ಅಥವಾ ನನಗೆ ಕಾಣಿಸಲಿಲ್ಲ. ಆದರೆ ಅಂದು ಸಂಜೆ ಟಿವಿ ಮುಂದೆ ಕುರ್ಚಿಯಲ್ಲಿ ಕೂತಿದ್ದಾಗ ಅವನ ಎಡಗಾಲು ನೆಲವನ್ನು ಒತ್ತಿ ಒತ್ತಿ ಬಿಡುತ್ತಿತ್ತು. ಅಲ್ಲಿ ಕ್ಲಚ್ ಇರಲಿಲ್ಲ. ಅತ್ತೆಯೂ ನೋಡಿದಳು. ಆ ದಿನ ಅವಳು ಕೌದಿಯ ಸುದ್ದಿ ಎತ್ತಲಿಲ್ಲ.

ಶನಿವಾರ ನಮ್ಮ ಇಳಿಜಾರನ್ನು ಪೈಪು ಹಾಕಲು ಅಗೆದರು. ಸಂಜೆ ಬಂದ ಮಾವ ಜಾಗವಿಲ್ಲದೆ, ಗಲ್ಲಿಯ ಕೆಳಗೆ ಶಾಲೆಯ ಗೋಡೆಯ ಪಕ್ಕ, ಮಟ್ಟಸವಾದ ನೆಲದ ಮೇಲೆ ಲಾರಿ ನಿಲ್ಲಿಸಿದ.

ಈಗ ಆ ವಾಕ್ಯದ ಸರದಿ. ದಿನಾ ಬೆಳಿಗ್ಗೆ ಎಣ್ಣೆ ನೋಡುತ್ತಿದ್ದವನು ಮಾವನಲ್ಲ, ನಾನು. ಮಾವನ ಕಣ್ಣಿಗೆ ಆ ಗೀಟುಗಳು ಕಾಣದೆ ಎರಡು ವರ್ಷವಾಗಿತ್ತು. ಪುಕ್ಕಟೆ ಸವಾರಿಗೆ ಬದಲಾಗಿ ನಾನು ಮಾಡುತ್ತಿದ್ದ ಕೆಲಸ ಅದೊಂದೇ. ಈ ಕತೆ ಹೇಳುವಾಗೆಲ್ಲ ಕಡ್ಡಿಯನ್ನು ಹೇಗೋ ಮಾವನ ಕೈಗೆ ದಾಟಿಸಿಬಿಡುತ್ತಿದ್ದೆ.

ಭಾನುವಾರ ಬೆಳಿಗ್ಗೆ ಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ ತೆಗೆದೆ.

"ಎಷ್ಟೈತಿ?" ಎಂದ ಮಾವ, ಡಬ್ಬಿ ಹಿಡಿದು ಸಿದ್ಧನಾಗಿ.

"ಹೆಚ್ಚಾಗೇತಿ ಮಾವಾ."

"ಏನ್ ಹೆಚ್ಚಾಗೇತಿ?"

"ಎಣ್ಣಿ. ಮ್ಯಾಲಿನ ಗೀಟು ದಾಟಿ ನಾಕು ಬೆರಳು ಮ್ಯಾಲೈತಿ."

ಮಾವ ಡಬ್ಬಿ ಕೆಳಗಿಟ್ಟ. "ನಿನ್ನೆ ಸಂಜೀಕ ಹಾಕಿದ್ಯಾ?"

"ಇಲ್ಲ."

"ಹಂಗಂದ್ರ ಅವನ ಹಾಕ್ಯಾನ. ಮೆಕ್ಯಾನಿಕ್. ಇಂಜಿನ್ ಬಿಚ್ಚಲಿಲ್ಲಂತ ಸಿಟ್ಟು ಅವನಿಗೆ."

ಚಹಾ ತಂದ ಅತ್ತೆ ಇದನ್ನು ಕೇಳಿಸಿಕೊಂಡಳು. "ಮಂದಿ ಗಾಡ್ಯಾಗಿನ ಎಣ್ಣಿ ಕದಿಯೂ ಕಳ್ಳರನ್ನ ನೋಡೇನಿ. ತಂದು ಹಾಕಿ ಹೋಗೂ ಕಳ್ಳ ಯಾವ ಊರಾಗದಾನ?"

ಮೆಕ್ಯಾನಿಕ್‌ನನ್ನು ಕರೆಸಿದೆವು. ಬಂದವನು ದೇವರಾಣೆ ಮಾಡಿದ. ಅಲ್ಲಿಂದ ಮುಂದೆ ಗುಟ್ಟು ಬಿಡಿಸಿದ್ದು ಯಾರು ಎಂಬುದರಲ್ಲಿ ಒಮ್ಮತವಿಲ್ಲ. ನನ್ನ ಆವೃತ್ತಿಯಲ್ಲಿ ನಾನು. ವಾಲಿದ ತವೆಯಲ್ಲಿ ಎಣ್ಣೆ ಒಂದೇ ಕಡೆ ಓಡುವುದನ್ನು ಹೇಳಿದವಳು ತಾನು ಎನ್ನುತ್ತಾಳೆ ಅತ್ತೆ. ನೀವ್ಯಾರೂ ಅಲ್ಲ, ಮೆಕ್ಯಾನಿಕ್ ಎನ್ನುತ್ತಾನೆ ಮಾವ. ಯಾರೋ ಒಬ್ಬರು ಚಹಾದ ಗ್ಲಾಸನ್ನು ವಾಲಿಸಿ ತೋರಿಸಿದರು. ಆ ಕೈ ಯಾರದೆಂದು ನೆನಪಿಲ್ಲ. ಗ್ಲಾಸಿನ ಅಂಚು ಒಡೆದಿತ್ತು, ಅದು ನೆನಪಿದೆ.

ವಿಷಯ ಇಷ್ಟೇ. ಮೂತಿ ಕೆಳಗಾಗಿ ನಿಂತ ಲಾರಿಯಲ್ಲಿ ಎಣ್ಣೆಯೆಲ್ಲ ಮುಂದಕ್ಕೆ ಓಡುತ್ತದೆ. ನಮ್ಮ ಇಂಜಿನ್ನಿನಲ್ಲಿ ಕಡ್ಡಿ ಇಳಿಯುವುದು ಹಿಂಭಾಗಕ್ಕೆ. ಹಾಗಾಗಿ ಇಳಿಜಾರಿನಲ್ಲಿ ಅಳೆದರೆ ತುಂಬಿದ ಇಂಜಿನ್ನೂ ಬರಿದಾಗಿ ಕಾಣುತ್ತದೆ. ನಾನು ದಿನಾ ಹಾಕಿದೆ. ಹಿಡಿಸಲಾರದಷ್ಟಾದಾಗ ಇಂಜಿನ್ ಹೆಚ್ಚಿನದನ್ನು ಉಗುಳಿ, ಸುಟ್ಟು, ನೀಲಿ ಹೊಗೆ ಮಾಡಿ ಕಳೆಯಿತು. ಲಾರಿ ಎಣ್ಣೆ ಕುಡಿಯುತ್ತಿರಲಿಲ್ಲ. ನಾವು ಬಾಯಿ ಬಿಡಿಸಿ ಕುಡಿಸುತ್ತಿದ್ದೆವು. ಎರಡು ರೋಗಕ್ಕೂ ಮೂಲ ಒಂದೇ ಎಂದಿದ್ದೆನಲ್ಲ, ಎರಡನೆಯದರ ಮೂಲ ಮೊದಲನೆಯದಕ್ಕೆ ಮಾಡಿದ ಮದ್ದು, ಅಂದರೆ ಇಳಿಜಾರು, ಮತ್ತು ಅದರ ಮೇಲೆ ಕಡ್ಡಿ ಹಿಡಿದು ನಿಂತ ನಾನು. ಇಲ್ಲಿ ನೆನಪಿನ ಬಗ್ಗೆ ಒಂದು ಸೊಗಸಾದ ಉಪಮೆಯನ್ನು ಬರೆಯಲು ಜಾಗವಿದೆ. ಬರೆಯುವುದಿಲ್ಲ.

"ತಮ್ಮಾ," ಎಂದ ಮಾವ ಬಹಳ ಮೆತ್ತಗೆ, "ನೀ ಅಂಧೇರ್ಯಾಗ ಏನ್ ಕೆಲಸ ಮಾಡ್ತಿ ಅಂದಿ?"

ಇದನ್ನೂ ಇಲ್ಲಿಯವರೆಗೆ ಹೇಳದೆ ಬಿಟ್ಟಿದ್ದೆ. ಕಾರ್ಖಾನೆಗಳಿಂದ ಬರುವ ಅಳತೆಯ ಉಪಕರಣಗಳು ಸರಿಯಾಗಿ ಅಳೆಯುತ್ತವೆಯೇ ಎಂದು ಪರೀಕ್ಷಿಸಿ ಸಹಿ ಹಾಕುವುದು ನನ್ನ ಉದ್ಯೋಗ. ಪರೀಕ್ಷೆಯ ಮೇಜು ಮಟ್ಟಸವಾಗಿದೆಯೇ ಎಂದು ನೋಡುವುದು ಅಲ್ಲಿ ದಿನದ ಮೊದಲ ಕೆಲಸ.

ಮೆಕ್ಯಾನಿಕ್ ಕೆಳಗೆ ನುಸುಳಿ, ಬಣ್ಣದ ಡಬ್ಬಿ ಅರ್ಧ ತುಂಬುವಷ್ಟು ಎಣ್ಣೆ ಇಳಿಸಿದ. ಆಮೇಲೆ, ತನ್ನ ರಿಂಗಿನ ತೀರ್ಪಿಗೆ ಪ್ರಾಯಶ್ಚಿತ್ತವೆಂಬಂತೆ, ಹೀಟರ್ ಪ್ಲಗ್ಗುಗಳನ್ನು ಒಂದೊಂದಾಗಿ ಬಿಚ್ಚಿದ. ಚಳಿಯಲ್ಲಿ ಇಂಜಿನ್ನಿನ ಒಳಗನ್ನು ಬಿಸಿ ಮಾಡುವ ಬೆರಳುದ್ದದ ಆ ನಾಲ್ಕು ಕಡ್ಡಿಗಳಲ್ಲಿ ಎರಡು ಸುಟ್ಟುಹೋಗಿದ್ದವು. ಬೆಳಗಿನ ಬಿಳಿ ಹೊಗೆಗೂ ಸ್ಟಾರ್ಟ್ ಆಗದ್ದಕ್ಕೂ ಅಷ್ಟೇ ಕಾರಣ. ಹೊಸದು ಹಾಕಿ, "ಅಬ್ ಮಾರೋ," ಎಂದ. ಮಾವ ಕೀಲಿ ತಿರುಗಿಸಿ, ಹೀಟರಿನ ದೀಪ ಆರುವವರೆಗೆ ಕಣ್ಣು ಮುಚ್ಚಿ ಕೂತು, ಮತ್ತೆ ತಿರುಗಿಸಿದ. ಮಟ್ಟಸ ನೆಲದ ಮೇಲೆ, ಯಾರೂ ತಳ್ಳದೆ, ಎಲ್ಲಿಗೂ ಉರುಳದೆ ಲಾರಿ ಎದ್ದಿತು.

ಆದರೂ ಸೋಮವಾರ ಮಾಟುಂಗದ ಓಣಿಗೆ ಹಿಮ್ಮುಖವಾಗಿ ಹೋಗುವಾಗ ಮಾವನ ಕತ್ತು ಬೆವತಿತ್ತು. ಆ ಅಡುಗೆಯವರು ಪಂಚೆಯ ತುದಿಯನ್ನು ಮೂಗಿನ ಹತ್ತಿರ ಹಿಡಿದೇ ಕಾದಿದ್ದರು. ಮಾವ ಇಂಜಿನ್ ಬಂದ್ ಮಾಡಲಿಲ್ಲ. ಎಲೆಯ ಕಟ್ಟುಗಳೆಲ್ಲ ಇಳಿಯುವವರೆಗೂ ಅದು ಗುಡುಗುಡು ಅನ್ನುತ್ತಲೇ ಇತ್ತು. ಸಾರಿನ ವಾಸನೆ ಮಾತ್ರ ಬಂತು. ಅವರು ನಿಧಾನವಾಗಿ ಪಂಚೆಯ ತುದಿ ಬಿಟ್ಟರು.

"ಇಂಜಿನ್ ಬಿಚ್ಚಿಸಿದ್ರಾ?"

"ಹೌದ್ರಿ," ಎಂದ ಮಾವ. "ಭಾಳ ದೊಡ್ಡ ಕೆಲಸ ಇತ್ತು."

"ಹಾಗಾದ್ರೆ ನಾಳೆ ಇನ್ನೂರು ಎಲೆ ಜಾಸ್ತಿ ತನ್ನಿ."

ನಾನು ಇನ್ನೊಂದು ಕಡೆ ನೋಡುತ್ತಾ ಇಳಿದು ಸ್ಟೇಷನ್ನಿನತ್ತ ನಡೆದೆ.

ಗಲ್ಲಿಯ ಅಗೆತವನ್ನು ಒಂದು ತಿಂಗಳಲ್ಲಿ ಮುಚ್ಚಿದರು. ಲಾರಿ ಈಗ ಎಲ್ಲಿ ನಿಲ್ಲಿಸಿದರೂ ಸ್ಟಾರ್ಟ್ ಆಗುತ್ತದೆ. ಆದರೆ ಮಾವ ಅದೇ ಸಂಜೆ ಮತ್ತೆ ಇಳಿಜಾರಿಗೇ ಒಯ್ದು ನಿಲ್ಲಿಸಿದ, ರುಬ್ಬುಗುಂಡು ಇಟ್ಟ, ಇವತ್ತಿಗೂ ಅಲ್ಲೇ ನಿಲ್ಲಿಸುತ್ತಾನೆ. ಪ್ಲಗ್ಗಿನ ಮೇಲೆ ಅವನಿಗೆ ನಂಬಿಕೆಯಿಲ್ಲ. ಇಳಿಜಾರಿನ ಮೇಲಿದೆ. ಅಳೆಯುವುದಾದರೂ ಕೆಳಗಿನ ಮಟ್ಟಸ ನೆಲದಲ್ಲಿ ಆಗಲಿ ಎಂದು ನಾನು ಹೇಳಿದಾಗ, "ನಿನ್ನ ಅಳತಿ ಸಾಕು," ಎಂದು ಕಡ್ಡಿಯನ್ನು ನನ್ನ ಕೈಯಿಂದ ಕಿತ್ತುಕೊಂಡ. ಎರಡು ದಿನ ಬಿಟ್ಟು ಹಿಂತಿರುಗಿಸಿದಾಗ ಅದರಲ್ಲಿ ಮೂರು ಗೀಟುಗಳಿದ್ದವು. ಮೂರನೆಯದು, ಇಳಿಜಾರಿನ ಅಳತೆಗೆಂದು, ಎಲ್ಲಕ್ಕಿಂತ ಕೆಳಗೆ, ಸ್ವಲ್ಪ ಸೊಟ್ಟಗೆ, ಅರದಿಂದ ಉಜ್ಜಿದ್ದು, ಅವನ ಕಣ್ಣಿಗೂ ಕಾಣುವಷ್ಟು ಆಳ.