ಸದಾನಂದ ಮಾಮನ ನಿದ್ದೆ

ಮೊನ್ನೆ ಇಲ್ಲಿ ಕೊಲ್ಲಿ ದೇಶದಲ್ಲಿ, ಫರ್ವಾನಿಯಾದ ನಮ್ಮ ಕಟ್ಟಡದ ಮೆಟ್ಟಿಲು ಹತ್ತುತ್ತಿದ್ದಾಗ ಯಾರದೋ ಅಡುಗೆಮನೆಯಿಂದ ಕಪ್ಪು ದ್ರಾಕ್ಷಿ ಬೇಯುವ ವಾಸನೆ ಬಂತು. ಲಿಫ್ಟು ಕೆಟ್ಟಿತ್ತು, ಎರಡೂ ಕೈಯಲ್ಲಿ ಸಾಮಾನಿನ ಚೀಲಗಳಿದ್ದವು, ಆದರೂ ಎರಡನೇ ಮಹಡಿಯಲ್ಲಿ ನಿಂತೇಬಿಟ್ಟೆ. ಸಿಹಿ, ಅದರಡಿಯಲ್ಲಿ ಸ್ವಲ್ಪ ಒಗರು, ಪಾತ್ರೆಯ ತಳ ಹಿಡಿಯುತ್ತಿದೆಯೋ ಏನೋ ಎಂಬಂಥ ಒಂದು ಕಮಟು. ನಿಮಗೂ ಇಂಥ ಒಂದು ವಾಸನೆ ಇದ್ದೇ ಇರುತ್ತದೆ. ಅದು ಬಂದಾಗ ನೀವೂ ಎಲ್ಲೋ ಮೆಟ್ಟಿಲ ಮೇಲೆ ಹೀಗೇ ನಿಂತಿರುತ್ತೀರಿ, ಯಾರಾದರೂ ಕೇಳಿದರೆ ಉಸಿರು ಕಟ್ಟಿತು ಎಂದು ಸುಳ್ಳು ಹೇಳಿರುತ್ತೀರಿ. ನನ್ನ ಅಮ್ಮ ಹೋಗಿ ಎರಡು ವರ್ಷವಾಯಿತು. ಊರಿನಲ್ಲಿ ಮಣ್ಣು ಮಾಡಿದ ದಿನ ಬಂದವರೆಲ್ಲ, ಸುಗುಣಕ್ಕನ ಬಾಯಲ್ಲಿ ಒಂದು ಕಹಿ ಮಾತು ಕೇಳಿದವರಿಲ್ಲ ಎಂದರು. ನಾನು ತಲೆಯಾಡಿಸಿದೆ. ನಾನು ಕೇಳಿದ್ದೆ. ಆ ಕಹಿ ನಮ್ಮ ಮನೆಯಲ್ಲಿ ಒಂದು ಬೇಸಿಗೆಯಿಂದ ಚಳಿಗಾಲದವರೆಗೆ ನಮ್ಮ ಜೊತೆಗೇ ಉಂಡು ಮಲಗಿ ಏಳುತ್ತಿತ್ತು. ಅದು ಇರಲೇ ಇಲ್ಲ ಎನ್ನುವುದು ಅಮ್ಮನಿಗೆ ಮಾಡುವ ಮರ್ಯಾದೆಯಲ್ಲ.

ನಮ್ಮ ಮನೆ ಆಗ ಮೈದಾನ್ ಹವಲ್ಲಿಯಲ್ಲಿ, ಒಂದು ಹಳೇ ಕಟ್ಟಡದ ಮೂರನೇ ಮಹಡಿಯಲ್ಲಿತ್ತು. ಈಗ ಆ ಕಟ್ಟಡವಿಲ್ಲ, ಅಲ್ಲಿ ಕಾರು ನಿಲ್ಲಿಸುತ್ತಾರೆ. ಒಂದು ಕೋಣೆ, ಒಂದು ಹಾಲ್, ಇಬ್ಬರು ನಿಂತರೆ ಮೂರನೆಯವರು ಹೊರಗೆ ಬರಬೇಕಾದ ಅಡುಗೆಮನೆ. ಪಪ್ಪ ಮೀನಾ ಅಲ್ ಅಹ್ಮದಿಯ ಎಣ್ಣೆ ಕಾರ್ಖಾನೆಯಲ್ಲಿ ಒಬ್ಬ ಗುತ್ತಿಗೆದಾರರ ಕೆಳಗೆ ಟೆಕ್ನೀಷಿಯನ್ ಆಗಿದ್ದರು, ಅಮ್ಮ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ನರ್ಸು. ನಾವು ಕರಾವಳಿಯ ಪ್ರೊಟೆಸ್ಟಂಟರು. ಮನೆಯಲ್ಲಿ ತುಳು, ಪ್ರಾರ್ಥನೆಗೆ ಕನ್ನಡ. ದೇವರಿಗೆ ತುಳು ಬರುವುದಿಲ್ಲವಾ ಎಂದು ನಾನು ಕೇಳಿದರೆ, ಬರ್ತದೆ, ಆದರೆ ದೇವರ ಹತ್ತಿರ ಸ್ವಲ್ಪ ಇಸ್ತ್ರಿ ಹಾಕಿ ಮಾತಾಡಬೇಕು ಎಂದು ಪಪ್ಪ ನಗುತ್ತಿದ್ದರು. ಶುಕ್ರವಾರ ಬಾಡಿಗೆಯ ಹಾಲಿನಲ್ಲಿ ನಮ್ಮ ಕನ್ನಡ ಸಭೆ ಸೇರುತ್ತಿತ್ತು. ತಿಂಗಳಿಗೊಮ್ಮೆ ಕರ್ತನ ಭೋಜನ, ರೊಟ್ಟಿಯ ತುಂಡು ತಿಂದು ಒಂದೇ ಬಟ್ಟಲಿನಿಂದ ದ್ರಾಕ್ಷಾರಸ ಕುಡಿಯುವ ಆರಾಧನೆ. ಈ ದೇಶದಲ್ಲಿ ಮದ್ಯಕ್ಕೆ ನಿಷೇಧ, ನಿಜವಾದ ದ್ರಾಕ್ಷಾರಸ ಸಿಗುವುದಿಲ್ಲ, ಸಿಗಲೂಬಾರದು. ಹಾಗಾಗಿ ಹಿಂದಿನ ದಿನ ಕಪ್ಪು ದ್ರಾಕ್ಷಿ ಬೇಯಿಸಿ, ತೆಳುಬಟ್ಟೆಯಲ್ಲಿ ಸೋಸಿ, ಬಾಟಲಿಗೆ ತುಂಬುವ ಕೆಲಸ ಅಮ್ಮನದು. ದ್ರಾಕ್ಷಿಯ ಪೆಟ್ಟಿಗೆ ಹೊತ್ತು ತರುವ ಕೆಲಸ ಸದಾನಂದ ಮಾಮನದು. ಅವರು ಪಪ್ಪನ ಶಿಫ್ಟಿನವರು, ಪಪ್ಪನಿಗಿಂತ ಚಿಕ್ಕವರು, ಅಂಗಿಯ ಅಳತೆ ಮಾತ್ರ ಒಂದೇ. ತಂದ ದ್ರಾಕ್ಷಿಯಲ್ಲಿ ಅರ್ಧ ಗೊಂಚಲನ್ನು ಬರುವ ದಾರಿಯಲ್ಲೇ ತಿಂದಿರುತ್ತಿದ್ದರು, ಅಮ್ಮ ಬೈದರೆ ರುಚಿ ನೋಡದೆ ದೇವರಿಗೆ ಹೇಗೆ ಕೊಡುವುದು ಎನ್ನುತ್ತಿದ್ದರು.

ಆ ಗುರುವಾರದ ಸಂಜೆಗೆ ಇನ್ನೊಂದು ಪದ್ಧತಿಯಿತ್ತು, ಊರಿನ ಇಗರ್ಜಿಯಿಂದ ಹಿರಿಯರು ಜೊತೆಗೇ ತಂದದ್ದು. ಯಾರೊಂದಿಗಾದರೂ ಮನಸ್ತಾಪವಿದ್ದರೆ ಅವರ ಮನೆಗೆ ಹೋಗಿ, ಕೈ ಹಿಡಿದು, ಕ್ಷಮಿಸಿ ಎಂದ ಮೇಲೆಯೇ ಮರುದಿನ ಬಟ್ಟಲು ಮುಟ್ಟಬೇಕು. ಪಪ್ಪ ಮತ್ತು ಸದಾನಂದ ಮಾಮ ಹಾಡಿನ ಶ್ರುತಿಗಾಗಿ ತಿಂಗಳಿಡೀ ಜಗಳವಾಡಿ ಗುರುವಾರ ಸಂಜೆ ನಮ್ಮ ಹಾಲಿನಲ್ಲಿ ಗಂಭೀರವಾಗಿ ಕೈ ಕುಲುಕುತ್ತಿದ್ದರು. ಮಾಮನ ಹೆಂಡತಿ ಪ್ರೇಮಾ ಆಂಟಿ ಮತ್ತು ಅಮ್ಮ ಅಡುಗೆಮನೆಯಲ್ಲಿ ಬಾಯಿಗೆ ಸೆರಗು ಒತ್ತಿ ನಗುತ್ತಿದ್ದರು. ಕ್ಷಮೆ ಅಂದರೆ ಚಹಾ ಕುಡಿದು ಮುಗಿಸುವ ಒಂದು ಸಣ್ಣ ಕೆಲಸ ಎಂದೇ ನಾನು ತಿಳಿದಿದ್ದೆ.

ನನಗೆ ಹನ್ನೊಂದು ತುಂಬಿದ ಬೇಸಿಗೆಯಲ್ಲಿ ಪಪ್ಪ ಸತ್ತರು. ಪಪ್ಪನಿಗೆ ಲೈಸೆನ್ಸ್ ಇರಲಿಲ್ಲ, ಸದಾನಂದ ಮಾಮನ ಹಳೇ ಕಾರಿನಲ್ಲೇ ಕೆಲಸಕ್ಕೆ ಹೋಗಿಬರುತ್ತಿದ್ದರು. ಮಾಮ ಆ ದಿನಗಳಲ್ಲಿ ಶಿಫ್ಟು ಮುಗಿದ ಮೇಲೂ ಕಾರಿನಲ್ಲಿ ಜನರನ್ನು ಅಲ್ಲಿಲ್ಲಿ ಬಿಡುವ ಕೆಲಸ ಹಚ್ಚಿಕೊಂಡಿದ್ದರು, ಎರಡು ದಿನದಿಂದ ಸರಿಯಾಗಿ ಮಲಗಿರಲಿಲ್ಲ. ಹಿಂತಿರುಗುವಾಗ ಧೂಳು ಎದ್ದಿತ್ತಂತೆ, ಹೆದ್ದಾರಿಯ ಬದಿಯಲ್ಲಿ ಒಂದು ನೀರಿನ ಟ್ಯಾಂಕರ್ ನಿಂತಿತ್ತಂತೆ. ಕಾರು ಅದಕ್ಕೆ ಪಪ್ಪ ಕೂತ ಬದಿಯಿಂದಲೇ ಹೊಡೆಯಿತು. ಮಾಮನ ಹೆಗಲಿನ ಮೂಳೆ ಮುರಿಯಿತು, ಅಷ್ಟೇ. ಪೊಲೀಸರು ಕೇಳಿದಾಗ ಅವರು ಧೂಳಿನ ಮೇಲೆ ಹಾಕದೆ, ನನಗೆ ನಿದ್ದೆ ಹತ್ತಿತ್ತು ಎಂದೇ ಹೇಳಿದರು. ಆಸ್ಪತ್ರೆಯಿಂದ ನೇರ ಜೈಲಿಗೆ ಹೋದರು.

ಸಂತಾಪಕ್ಕೆ ಬಂದವರು ಹಾಲಿನ ತುಂಬ ಕೂತಿದ್ದರು. ಎಲ್ಲರ ಬಾಯಲ್ಲೂ ಒಂದೇ ಮಾತು, ದೇವರ ಚಿತ್ತ. ಅಮ್ಮ ಗೋಡೆಗೆ ಒರಗಿ ಕೂತವಳು ಒಮ್ಮೆಯೂ ಅತ್ತಿರಲಿಲ್ಲ. ಐದಾರು ಜನ ಹೇಳುವವರೆಗೆ ತಡೆದುಕೊಂಡಳು, ಆಮೇಲೆ ಬಹಳ ಮೆಲ್ಲಗೆ ಹೇಳಿದಳು.

“ದೇವರ ಮೇಲೆ ಹಾಕಬೇಡಿ. ಅದು ಸದಾನಂದನ ನಿದ್ದೆ.”

ಆಮೇಲೆ ಆ ವಿಷಯ ಎತ್ತಲು ಯಾರಿಗೂ ಧೈರ್ಯವಾಗಲಿಲ್ಲ, ನಮ್ಮ ಸಭೆಯ ಹಿರಿಯರಾದ ದೇವದಾಸ ಅಂಕಲ್ ಒಬ್ಬರನ್ನು ಬಿಟ್ಟು. ಸತ್ತವರ ಕಡೆಯವರು ಪೊಲೀಸ್ ಸ್ಟೇಷನ್ನಿಗೆ ಹೋಗಿ ಮಾಫಿ ಬರೆದುಕೊಟ್ಟರೆ ಇಲ್ಲಿ ಶಿಕ್ಷೆ ಬಹಳ ಕಡಿಮೆಯಾಗುತ್ತದೆ. ಬರೆದುಕೊಡದಿದ್ದರೆ ಮಾಮ ವರ್ಷಗಟ್ಟಲೆ ಒಳಗೇ. ಅವರಿಗೆ ವೀಸಾ ಕೊಟ್ಟಿದ್ದ ಕಫೀಲ್ ಆಗಲೇ ಇಲ್ಲಿ ವಾಸಿಸುವ ಪರವಾನಗಿಯಾದ ಇಕಾಮಾ ರದ್ದು ಮಾಡಿದ್ದ, ಅದನ್ನೇ ನೆಚ್ಚಿಕೊಂಡಿದ್ದ ಪ್ರೇಮಾ ಆಂಟಿ ಊರಿಗೆ ಹೊರಡಲೇಬೇಕಿತ್ತು. ದೇವದಾಸ ಅಂಕಲ್ ಕೆಟ್ಟವರಲ್ಲ. ಆದರೆ ಒಳ್ಳೆಯವರು ಮಾಡುವ ತಪ್ಪಿಗೆ ಮದ್ದಿಲ್ಲ. ಅವರು ಲೆಕ್ಕ ಹಾಕಿ, ಭೋಜನದ ಹಿಂದಿನ ಗುರುವಾರವೇ ಪ್ರೇಮಾ ಆಂಟಿಯನ್ನು ಕರೆದುಕೊಂಡು ಬಂದರು. ಒಲೆಯ ಮೇಲೆ ದ್ರಾಕ್ಷಿ ಬೇಯುತ್ತಿತ್ತು. ಪ್ರೇಮಾ ಆಂಟಿ ಒಳಗೆ ಬರದೆ ಬಾಗಿಲ ಬಳಿಯೇ ನಿಂತಳು. ನಾಳೆ ಬಟ್ಟಲು ಮುಟ್ಟಬೇಕಲ್ಲ ಸುಗುಣ, ಮನಸ್ಸಿನಲ್ಲಿ ಇದನ್ನು ಇಟ್ಟುಕೊಂಡು ಹೇಗೆ ಮುಟ್ಟುತ್ತೀ ಎಂದು ಅಂಕಲ್ ಶುರುಮಾಡಿದರು. ಅಮ್ಮ ಒಲೆ ಸಣ್ಣ ಮಾಡಿ, ಕೈ ಒರೆಸಿಕೊಂಡು ಹೊರಗೆ ಬಂದಳು.

“ಹಾಗಾದರೆ ಮುಟ್ಟುವುದಿಲ್ಲ ಅಂಕಲ್. ಬಟ್ಟಲು ತೋರಿಸಿ ಸಹಿ ಕೇಳಬೇಡಿ.”

ಮರುದಿನ ಅವಳು ತಾನೇ ಸೋಸಿದ ರಸದ ಬಾಟಲಿಯನ್ನು ಮೇಜಿನ ಮೇಲಿಟ್ಟು ಕೊನೆಯ ಬೆಂಚಿನಲ್ಲಿ ಕೂತಳು. ಎಲ್ಲರೂ ಎದ್ದು ಮುಂದೆ ಹೋದರು, ಅಮ್ಮ ಏಳಲಿಲ್ಲ. ಹೀಗೇ ತಿಂಗಳುಗಳು ಕಳೆದವು. ಬೇಯಿಸುವುದನ್ನೂ ಬಿಡಲಿಲ್ಲ, ಕುಡಿಯಲೂ ಇಲ್ಲ. ಮನೆಯಲ್ಲಿ ಸಂಜೆಯ ಪ್ರಾರ್ಥನೆಯನ್ನೂ ತಪ್ಪಿಸಲಿಲ್ಲ. ಆದರೆ ಕರ್ತನ ಪ್ರಾರ್ಥನೆಯಲ್ಲಿ ತಪ್ಪು ಮಾಡಿದವರನ್ನು ಕ್ಷಮಿಸುವ ಸಾಲು ಬಂದಾಗ ಅಮ್ಮನ ದನಿ ನಿಂತುಹೋಗುತ್ತಿತ್ತು. ಆ ಒಂದು ಸಾಲನ್ನು ನಾನೊಬ್ಬಳೇ ಹೇಳಿ ಮುಗಿಸಬೇಕು, ಮುಂದಿನ ಸಾಲಿಗೆ ಅವಳು ಸೇರಿಕೊಳ್ಳುತ್ತಿದ್ದಳು. ದೇವರ ಮುಂದೆ ಸುಳ್ಳು ಹೇಳುವ ಹೆಂಗಸಲ್ಲ ಅವಳು. ನನಗೆ ಆ ಮೌನ ಇಷ್ಟವೇ ಆಗಿತ್ತು, ಅದು ಪಪ್ಪನ ಪರವಾದ ಮೌನ ಎನಿಸುತ್ತಿತ್ತು. ಆದರೆ ಅಮ್ಮ ಒಣಗುತ್ತ ಬಂದಳು. ಕೆಳಗಿನ ಮಹಡಿಯ ವಾರಿಜಕ್ಕ, ಹೋಟೆಲಿನ ಶೆಟ್ಟರ ಹೆಂಡತಿ, ನಮ್ಮ ದೇವರು ಬೇರೆಯಾದರೂ ದಿನವೂ ನಮಗೆ ಒಂದು ಪಾತ್ರೆ ಸಾರು ತಂದಿಡುತ್ತಿದ್ದವಳು, ಎಂತ ಸುಗುಣಕ್ಕ, ಗಾಳಿ ಬಂದರೆ ಹಾರಿಹೋಗ್ತೀರಿ ಎಂದು ಗದರುತ್ತಿದ್ದಳು. ಅಮ್ಮನ ಮಾತು ಚುಚ್ಚುತ್ತಿತ್ತು. ಹಾಲು ಉಕ್ಕಿದರೆ ಅಮ್ಮ ಹಾಲಿಗೂ ಬೈಯುತ್ತಿದ್ದಳು.

ಚಳಿ ಶುರುವಾದ ಮೇಲೆ ಒಂದು ದಿನ ಅವಳು ಕ್ಲಿನಿಕ್ಕಿನಿಂದ ಬಂದು ಯೂನಿಫಾರ್ಮು ಬಿಚ್ಚದೆ ಹಾಲಿನಲ್ಲಿ ಕೂತಳು. ಆವತ್ತು ರಾತ್ರಿಪಾಳಿ ಮುಗಿಸಿ ಬಂದಿದ್ದ ಒಬ್ಬ ಬಂಗಾಳಿ ಕೂಲಿಯವನು ಸರದಿ ಕಾಯುತ್ತ ಬೆಂಚಿನ ಮೇಲೆ ನಿದ್ದೆಹೋಗಿದ್ದನಂತೆ. ಹೆಸರು ಕರೆದರೂ ಏಳಲಿಲ್ಲ. ಅಮ್ಮ ಅವನ ಭುಜ ಹಿಡಿದು ಅಲುಗಾಡಿಸಿದಳು, ಸಾಮಾನ್ಯವಾಗಿ ಅಲ್ಲ, ತಲೆ ಗೋಡೆಗೆ ಬಡಿಯುವಷ್ಟು. ಇಲ್ಲೇನು ಮಲಗಲಿಕ್ಕೆ ಬಂದದ್ದಾ ಎಂದು ಹಿಂದಿಯಲ್ಲಿ ಕೂಗಿದಳು, ಕೂಗಿದ್ದು ನಿಲ್ಲಲೇ ಇಲ್ಲ. ಅವನು ಎದ್ದು ನಿಂತು, ಜ್ವರದ ಕಣ್ಣಲ್ಲೇ ಕೈ ಮುಗಿದು, ಮಾಫ್ ಕರೋ ಸಿಸ್ಟರ್ ಎಂದನಂತೆ. ಇಷ್ಟನ್ನು ಹೇಳಿ ಅಮ್ಮ ತನ್ನ ಅಂಗೈಯನ್ನೇ ನೋಡುತ್ತ ಕೂತಳು. ನಾಳೆ ರಜೆ ಹಾಕಿದ್ದೇನೆ, ಸ್ಟೇಷನ್ನಿಗೆ ಹೋಗಿಬರಬೇಕು ಎಂದಳು. ನನಗೆ ಅರ್ಥವಾಯಿತು, ಮೈಯೆಲ್ಲ ಉರಿಯಿತು. ನಿನಗೆ ಅವರ ಮೇಲಿನ ಸಿಟ್ಟು ಹೋಯಿತಾ ಎಂದು ಕೇಳಿದೆ.

“ಇಲ್ಲ ಮಗ. ಹೋಗುವವರೆಗೆ ಕಾದರೆ ನಾನು ಜೀವಮಾನ ಇಡೀ ಅದಕ್ಕೆ ಬೇಯಿಸಿ ಹಾಕ್ತಾ ಕೂರಬೇಕು. ನನ್ನಿಂದ ಆಗುವುದಿಲ್ಲ. ದೇವರೇ ನೋಡಿಕೊಳ್ಳಲಿ ಅದನ್ನು.”

ಮರುದಿನ ಮಂಗಳವಾರ, ಭೋಜನದ ವಾರವೂ ಅಲ್ಲ. ದೇವದಾಸ ಅಂಕಲ್‌ಗೆ ಅಮ್ಮ ಹೇಳಲೂ ಇಲ್ಲ. ಶೆಟ್ಟರು ಕಾರಿನಲ್ಲಿ ನಮ್ಮನ್ನು ಕರೆದುಕೊಂಡು ಹೋದರು. ಸ್ಟೇಷನ್ನಿನಲ್ಲಿ ಅರಬಿಯಲ್ಲಿ ಬರೆದದ್ದನ್ನು ಒಬ್ಬರು ಓದಿ ಹೇಳಿದರು, ಅಮ್ಮ ಸಹಿ ಹಾಕಿದಳು, ಪೊಲೀಸಿನವನು ಖಲಾಸ್ ಎಂದ. ಅಲ್ಲಿಂದ ಮನೆಗೆ ಬರಬಹುದಿತ್ತು. ಅಮ್ಮ ಜೈಲಿಗೆ ಹೋಗೋಣ ಎಂದಳು, ಅಂದು ಭೇಟಿಯ ದಿನ. ಗಾಜಿನ ಆಚೆ ಸದಾನಂದ ಮಾಮ ಬಂದು ಕೂತರು. ಅರ್ಧಕ್ಕರ್ಧ ಇಳಿದುಹೋಗಿದ್ದರು, ಒಂದು ಹೆಗಲು ಕೆಳಗೆ ಬಿದ್ದಿತ್ತು. ತಲೆ ಎತ್ತಲಿಲ್ಲ. ಅಮ್ಮ ಫೋನು ಹಿಡಿದು, ಸಹಿ ಹಾಕಿ ಬಂದೆ ಎಂದಳು. ನಾನು ಅವಳಿಗೆ ಅಂಟಿ ನಿಂತಿದ್ದರಿಂದ ಮಾಮನ ದನಿಯೂ ನನಗೆ ಕೇಳುತ್ತಿತ್ತು. ಅಮ್ಮ ಪಪ್ಪನ ಹೆಸರು ಹಿಡಿದು, ಜಯಕರ ಕೊನೆಗೆ ಏನು ಹೇಳಿದರು ಎಂದು ಕೇಳಿದಳು.

“ಹಾಡ್ತಾ ಇದ್ದರು ಸುಗುಣಕ್ಕ. ನನಗೆ ನಿದ್ದೆ ಬರ್ತಾ ಉಂಟು ಅಂತ ಅವರಿಗೆ ಗೊತ್ತಿತ್ತು. ನನ್ನನ್ನು ಎಚ್ಚರ ಇಡಲಿಕ್ಕೆ ಅಂತ ಗಟ್ಟಿಯಾಗಿ ಹಾಡ್ತಾ ಇದ್ದರು. ನಾನು ಆ ಹಾಡಿನಲ್ಲೇ ಮಲಗಿಬಿಟ್ಟೆ.”

ಅಮ್ಮ ಗಾಜಿಗೆ ಅಂಗೈ ಒತ್ತಿದಳು. ಮಾಮ ಆ ಕೈಯನ್ನು ನೋಡಿದರು, ತಮ್ಮ ಕೈ ತರಲು ಅವರಿಂದ ಆಗಲಿಲ್ಲ. ಆವತ್ತು ಸಂಜೆ ಪ್ರಾರ್ಥನೆಯಲ್ಲಿ ಆ ಸಾಲನ್ನು ಅಮ್ಮ ಹೇಳಿದಳು, ಎಡವುತ್ತ, ಹೊಸ ಭಾಷೆ ಕಲಿಯುವವರ ಹಾಗೆ. ನಾನು ಹೇಳಲಿಲ್ಲ.

ಕೆಲವು ವಾರಗಳಲ್ಲಿ ಮಾಮನ ಬಿಡುಗಡೆಯಾಯಿತು. ಜೈಲಿನಿಂದ ಸೀದಾ ಏರ್‌ಪೋರ್ಟು, ಮತ್ತೆ ಈ ದೇಶಕ್ಕೆ ಬರುವಂತಿಲ್ಲ. ಹಿಂದಿನ ದಿನ ಊರಿನಿಂದ ಪ್ರೇಮಾ ಆಂಟಿಯ ಫೋನು ಬಂತು. ಅವಳು ರೂಮು ಖಾಲಿ ಮಾಡುವಾಗ ಬಟ್ಟೆಬರೆ ಸಹಿತ ಎಲ್ಲವೂ ಹೋಗಿತ್ತು, ಮಾಮನ ಹತ್ತಿರ ಹಾಕಿಕೊಳ್ಳಲು ಇದ್ದದ್ದು ಆಕ್ಸಿಡೆಂಟಿನ ದಿನದ ಬಟ್ಟೆ ಮಾತ್ರ. ಅಮ್ಮ ಕಪಾಟು ತೆರೆದಳು. ಪಪ್ಪ ಹೋದಂದಿನಿಂದ ಯಾರೂ ಮುಟ್ಟದ ಅಂಗಿಗಳು ಸಾಲಾಗಿ ತೂಗುತ್ತಿದ್ದವು. ಒಂದೊಂದನ್ನೇ ಇಳಿಸಿ, ಇಸ್ತ್ರಿ ಹಾಕಿ, ಪಪ್ಪನ ಸೂಟ್‌ಕೇಸಿಗೆ ಜೋಡಿಸಿದಳು. ಬಿಸಿ ತಾಗಿದಾಗ ಬಟ್ಟೆಯಿಂದ ಪಪ್ಪನ ಮೈವಾಸನೆ ಎದ್ದು ಕೋಣೆ ತುಂಬಿತು. ನಾನು ನೀಲಿ ಅಂಗಿಯನ್ನು ಎದೆಗೆ ಒತ್ತಿ ಹಿಡಿದು, ಇದೊಂದನ್ನಾದರೂ ಇಟ್ಟುಕೊಳ್ಳುವ ಎಂದೆ. ಅಮ್ಮ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

“ಹೊರಗೆ ಚಳಿ ಉಂಟು ಮಗ. ಅವನಿಗೆ ಮೈಮೇಲೆ ಏನಾದರೂ ಬೇಕಲ್ಲ.”

ಶೆಟ್ಟರು ಸೂಟ್‌ಕೇಸು ತೆಗೆದುಕೊಂಡು ಮೆಟ್ಟಿಲಿಳಿದು ಹೋದರು. ಅಮ್ಮ ಬಾಗಿಲು ಹಾಕಿ ಬಂದು ಖಾಲಿ ಕಪಾಟಿನ ಮುಂದೆ ನಿಂತಳು. ಆಮೇಲೆ ಒಳಗೆ ತಲೆಯಿಟ್ಟು, ಎರಡೂ ಕೈಯಲ್ಲಿ ಬರೀ ಹ್ಯಾಂಗರುಗಳನ್ನು ಹಿಡಿದುಕೊಂಡು, ಕೆಳಗಿನ ಮಹಡಿಗೆ ಕೇಳುವ ಹಾಗೆ ಅತ್ತಳು. ಸಿಟ್ಟನ್ನು ಸಾಕಿದ ಅಷ್ಟೂ ತಿಂಗಳು ಅಳಲಿಕ್ಕೆ ಅವಳಿಗೆ ಪುರುಸೊತ್ತೇ ಇರಲಿಲ್ಲ. ನಾನು ಅವಳ ಕಾಲ ಬಳಿ ನೆಲದ ಮೇಲೆ ಕೂತೆ. ನಮ್ಮ ಮನೆಯಲ್ಲಿ ಪಪ್ಪ ಸತ್ತದ್ದು ಆ ಮಧ್ಯಾಹ್ನ.